ಅಮ್ಮನ ತವರಿನ ಮೇಲಿನ ಗಾಳಿ

ನಮ್ಮೂರಲ್ಲಿ ಇವತ್ತಿಗೂ ಅರ್ಧ ಜನ ನನ್ನನ್ನು ಗಗನಸಖಿ ಎಂದೇ ತಿಳಿದಿದ್ದಾರೆ. ಮೊದಮೊದಲು ನಾನು ತಿದ್ದುತ್ತಿದ್ದೆ, "ಇಲ್ಲ, ನಾನು ವಿಮಾನ ಓಡಿಸೋಳು" ಅನ್ನುತ್ತಿದ್ದೆ. "ಗೊತ್ತು ಬಿಡವ್ವ, ಒಳಗೆ ಊಟ ಗೀಟ ಎಲ್ಲಾ ನೀನೇ ಕೊಡ್ತೀಯಂತಲ್ಲ" ಎಂದು ಅವರು ನನ್ನನ್ನೇ ಸಮಾಧಾನ ಮಾಡುತ್ತಿದ್ದರು. ಈಗ ತಿದ್ದುವುದನ್ನು ಬಿಟ್ಟಿದ್ದೇನೆ. ಕುಂದಾಣದ ಹತ್ತಿರ ನಮ್ಮ ಹಳ್ಳಿ. ಅಲ್ಲಿಂದ ದೇವನಹಳ್ಳಿಯ ವಿಮಾನ ನಿಲ್ದಾಣಕ್ಕೆ ಬಹಳ ದೂರವೇನಿಲ್ಲ, ಒಗ್ಗರಣೆ ಹಾಕಿ ಇಳಿಸಿದ ಸಾರು ಆರುವುದರೊಳಗೆ ಹೋಗಿ ಸೇರಬಹುದು. ಆ ಪುಟ್ಟ ದಾರಿಯನ್ನು ನನ್ನ ಅಮ್ಮ ಎಷ್ಟೋ ವರ್ಷ ತುಳಿಯಲಿಲ್ಲ. ಅದಕ್ಕೆ ಕಾರಣ ನನ್ನ ಕೆಲಸವಲ್ಲ. ಆ ನಿಲ್ದಾಣ ಎದ್ದಿರುವ ಜಾಗದಲ್ಲಿ ಅವಳ ತವರೂರಿತ್ತು.

ಎರಡೇ ಬೀದಿಯ ಊರು. ತಾತನ ಮನೆಯ ಮುಂದೆ ಚಕ್ಕೋತದ ಮರ. ಉದುರಿದ ಕಾಯಿಗಳೇ ನಮಗೆ ಫುಟ್‌ಬಾಲು. ಒದ್ದು ಒದ್ದು ಹೆಬ್ಬೆರಳು ಊದಿಕೊಂಡರೂ ಮರುದಿನ ಮತ್ತೆ ಒದೆಯುತ್ತಿದ್ದೆವು. ಊರಾಚೆಗೆ ಒಂದು ಕುಂಟೆ. ಕೆರೆ ಅನ್ನುವಷ್ಟು ದೊಡ್ಡದಲ್ಲ, ಹೊಂಡ ಅಂದರೆ ಊರಿನವರಿಗೆ ಸಿಟ್ಟು ಬರುತ್ತಿತ್ತು. ಕುಂಟೆಯ ಏರಿಯ ಮೇಲೆ ಸಾಲು ಹುಣಸೆ ಮರ, ಸಾಲಿನ ಕೊನೆಗೆ ಮುನೇಶ್ವರನ ಪುಟ್ಟ ಗುಡಿ. ಊರು ಹೋದರೂ ಈ ಕುಂಟೆ, ಮರ, ಗುಡಿ ಉಳಿದುಕೊಂಡವು. ನಿಲ್ದಾಣದ ಪೂರ್ವದ ಕಾಂಪೌಂಡ್ ಗೋಡೆ ಬಂದದ್ದು ಊರಿಗೂ ಕುಂಟೆಗೂ ನಡುವೆ. ತಾತನ ಮನೆ ಗೋಡೆಯ ಒಳಗಾಯಿತು, ಮುನೇಶ್ವರ ಹೊರಗಾದ.

ನನಗೆ ಆ ಊರಿನ ಗಾಳಿ ಚೆನ್ನಾಗಿ ನೆನಪಿದೆ. ಸಂಕ್ರಾಂತಿಯ ಆಸುಪಾಸಿನಲ್ಲಿ ತಾತ ಕಣದಲ್ಲಿ ಎತ್ತರದ ಮಣೆಯ ಮೇಲೆ ನಿಂತು ಮೊರದಿಂದ ರಾಗಿ ತೂರುತ್ತಿದ್ದರು. ಕಾಳು ಕಾಲಬುಡಕ್ಕೆ, ಹೊಟ್ಟು ಅತ್ತ ಕಡೆಗೆ. ಗಾಳಿ ನೆಟ್ಟಗೆ ಬೀಸುತ್ತಿರುವಾಗ ಅದನ್ನು ನೋಡುತ್ತಾ ಎಷ್ಟು ಹೊತ್ತು ಬೇಕಾದರೂ ಕೂರಬಹುದಿತ್ತು. ಇದ್ದಕ್ಕಿದ್ದಂತೆ ಗಾಳಿ ತಿರುಗಿಬಿಡುತ್ತಿತ್ತು. ಹೊಟ್ಟೆಲ್ಲ ವಾಪಸು ಬಂದು ಕೆಳಗೆ ಗುಡಿಸುತ್ತಿದ್ದ ಅಜ್ಜಿಯ ಕಣ್ಣಿಗೆ, ಬಾಯಿಗೆ, ತಲೆಗೆ. ತಾತ ಮೊರವನ್ನು ಹಿಡಿದದ್ದು ಹಿಡಿದಂತೆಯೇ ಸುಮ್ಮನೆ ನಿಂತುಬಿಡುತ್ತಿದ್ದರು. ಅಜ್ಜಿ ಮಾತ್ರ ಪೊರಕೆ ಎತ್ತಿಕೊಂಡು ಗಾಳಿಯ ಜೊತೆ ಜಗಳಕ್ಕೆ ನಿಲ್ಲುತ್ತಿದ್ದಳು. "ನಿನ್ ಮನೆ ಹಾಳಾಗ! ಇಷ್ಟೊತ್ತೂ ಚೆನ್ನಾಗೇ ಇದ್ದೆ, ಈಗೇನು ಬಂತು ನಿಂಗೆ ಕೇಡು!" ನಾವು ಮಕ್ಕಳು ಹುಲ್ಲಿನ ಮೆದೆಯ ಹಿಂದೆ ಅಡಗಿಕೊಂಡು ನಗುತ್ತಿದ್ದೆವು. ಗಾಳಿಯನ್ನು ಹೆದರಿಸಬಲ್ಲವಳು ಜಗತ್ತಿನಲ್ಲಿ ನಮ್ಮಜ್ಜಿ ಒಬ್ಬಳೇ ಎಂದು ನಾನು ಬಹಳ ಕಾಲ ನಂಬಿದ್ದೆ.

ರಜೆ ಮುಗಿಸಿ ಆ ಊರಿನಿಂದ ಹೊರಡುವುದು ಒಂದು ದೊಡ್ಡ ಕಾರ್ಯಕ್ರಮ. ಅಜ್ಜಿ ಅಮ್ಮನ ಮಡಿಲಿಗೆ ಅಕ್ಕಿ, ಬೆಲ್ಲ, ಕೊಬ್ಬರಿ ತುಂಬುತ್ತಿದ್ದಳು. ಅಷ್ಟಾದ ಮೇಲೆ ಹೊರಡಬೇಕು ತಾನೆ? ಅಮ್ಮ ಹೊರಡುತ್ತಿರಲಿಲ್ಲ. ಕಟ್ಟಿದ ಗಂಟನ್ನು ಬಿಚ್ಚಿ ಮತ್ತೆ ಕಟ್ಟುವಳು. ಹುಣಸೆಹಣ್ಣು ಮರೆತೆ ಎಂದು ಒಳಗೆ ಹೋಗುವಳು. ಹಸುವಿನ ಹಣೆ ಸವರಿ ಬರುವಳು. ಅಪ್ಪ ಬೀದಿಯಲ್ಲಿ ನಿಂತು, "ಬಸ್ಸು ಹೋಯ್ತದೆ ಕಣೇ, ಅದೇನು ನಿಮ್ಮಪ್ಪನ ಮನೆ ಬಸ್ಸಾ ಕಾಯೋಕೆ?" ಎಂದು ಕೂಗುವರು. ಕೊನೆಗೆ ಹೊರಟರೂ ಕುಂಟೆಯ ಏರಿಯ ಮೇಲೆ ಮುನೇಶ್ವರನ ಗುಡಿಯ ಹತ್ತಿರ ಅವಳು ನಿಲ್ಲಲೇಬೇಕು. ಅಲ್ಲಿಂದ ಊರು ಪೂರ್ತಿ ಕಾಣುತ್ತಿತ್ತು. ಅಮ್ಮ ತಿರುಗಿ ನಿಂತು, ಕಣ್ತುಂಬ ನೋಡಿ, ಕೈ ಮುಗಿದು, ಆಮೇಲೆ ಹಿಂತಿರುಗಿ ನೋಡದೆ ಬರುತ್ತಿದ್ದಳು. ಆ ಊರಿನ ಹೆಣ್ಣುಮಕ್ಕಳೆಲ್ಲ ಹಾಗೇ ಮಾಡುತ್ತಿದ್ದರು. ಹಾಗೆ ನೋಡಿ ಬಂದರೆ ತವರು ತಣ್ಣಗಿರುತ್ತದೆ ಎಂಬುದು ಅವರ ನಂಬಿಕೆ. ನಾನು ಅವಳ ಸೆರಗು ಹಿಡಿದು ಎಳೆಯುತ್ತಾ, ಬಸ್ಸು ತಪ್ಪಿದರೆ ಇನ್ನೊಂದು ದಿನ ಚಕ್ಕೋತ ಒದೆಯಬಹುದಲ್ಲ ಎಂದು ಒಳಗೊಳಗೇ ಆಸೆಪಡುತ್ತಿದ್ದೆ.

ಊರು ಖಾಲಿಯಾದಾಗ ನನಗೆ ಟೈಫಾಯ್ಡ್. ಅಮ್ಮ ನನ್ನ ಹಾಸಿಗೆ ಬಿಟ್ಟು ಏಳುವಂತಿರಲಿಲ್ಲ. ಊರವರು ಒಬ್ಬೊಬ್ಬರಾಗಿ ಬೇರೆ ಕಡೆಗೆ ಹೋದರು. ನಮ್ಮ ಮಾವ ಅಜ್ಜಿ ತಾತರನ್ನು ಕರೆದುಕೊಂಡು ದೊಡ್ಡಬಳ್ಳಾಪುರದ ಕಡೆಗೆ ಬಂದ. "ಮಗಳು ಹುಷಾರಾಗ್ಲಿ, ಒಂದ್ಸಲ ಹೋಗಿ ನೋಡ್ಕೊಂಡ್ ಬರ್ತೀನಿ" ಎಂದು ಅಮ್ಮ ದಿನವೂ ಹೇಳುತ್ತಿದ್ದಳು. ನಾನು ಎದ್ದು ಓಡಾಡುವ ಹೊತ್ತಿಗೆ ಅಲ್ಲಿ ನೋಡಲು ಮನೆಗಳಿರಲಿಲ್ಲ. "ತಿರುಗಿ ನೋಡ್ದೆ ಬಂದ್ಬಿಟ್ನಲ್ಲ" ಎಂದು ಅವಳು ಅತ್ತದ್ದು ಒಂದೇ ಸಲ. ಆಮೇಲೆ ಅಳಲಿಲ್ಲ, ಹಟ ಹಿಡಿದಳು. ಆ ನೆಲದ ಮೇಲೆ ಇನ್ನು ಕಾಲಿಡುವುದಿಲ್ಲ ಎಂದಳು. ನಮ್ಮಮ್ಮ ಹಾಗೆಂದರೆ ಮುಗಿಯಿತು.

ಅಂಥವಳ ಮಗಳು ಪೈಲಟ್ ಆಗುತ್ತೇನೆ ಎಂದಾಗ ಮನೆಯಲ್ಲಿ ರಂಪವಾಗುತ್ತದೆ ಎಂದುಕೊಂಡಿದ್ದೆ. ಅಮ್ಮ ಅಡ್ಡ ಬರಲಿಲ್ಲ. "ಹತ್ತೋದು ಎಲ್ಲಿಂದಾನೋ, ಅದನ್ನ ನಾನು ನೋಡ್ಬೇಕಾಗಿಲ್ಲ. ನೀನು ಇಳಿದು ಮನೆಗೆ ಬಂದ್ರೆ ಸಾಕು" ಅಂದಳು. ಮುಂದೆ ನಾನು ಕೆಲಸಕ್ಕೆ ಸೇರಿದೆ, ವರ್ಷಗಳು ಕಳೆದವು, ಕ್ಯಾಪ್ಟನ್ ಆದೆ. ಎಲ್ಲರ ತಾಯಂದಿರೂ ನಿಲ್ದಾಣಕ್ಕೆ ಬಂದು ಮಗ, ಮಗಳ ಜೊತೆ ಫೋಟೋ ತೆಗೆಸಿಕೊಂಡರು. ನಮ್ಮಮ್ಮನ ಬೀಳ್ಕೊಡುಗೆ ಮನೆಯ ಜಗಲಿಗೇ ಮುಗಿಯುತ್ತಿತ್ತು. ಅದಕ್ಕೂ ನಿಯಮಗಳಿದ್ದವು. "ಹೋಗ್ತೀನಿ" ಅನ್ನಬಾರದು, "ಬರ್ತೀನಿ" ಅನ್ನಬೇಕು. ಹೊರಟಾಗ ಯಾರಾದರೂ ಸೀನಿದರೆ, ಹಿಂದಿನಿಂದ ಕೂಗಿದರೆ, ಎಲ್ಲಿಗೆ ಎಂದು ಕೇಳಿದರೆ ವಾಪಸು ಬಂದು ಕೂತು, ನೀರು ಕುಡಿದು, ಆಮೇಲೆ ಹೊಸದಾಗಿ ಹೊರಡಬೇಕು. ಭುಜದ ಮೇಲೆ ನಾಲ್ಕು ಪಟ್ಟಿಯ ಸಮವಸ್ತ್ರ ತೊಟ್ಟು, ಹೊರಗೆ ಕಂಪನಿಯ ಕಾರು ಹಾರ್ನ್ ಹೊಡೆಯುತ್ತಿರುವಾಗ, ಪಕ್ಕದ ಮನೆಯವರ ಸೀನಿನ ದೆಸೆಯಿಂದ ನಾನು ಜಗಲಿಯ ಮೇಲೆ ಕೂತು ಚೊಂಬಿನಿಂದ ನೀರು ಕುಡಿದ ಸಂದರ್ಭಗಳು ಬೇಕಾದಷ್ಟಿವೆ. ಬೈದುಕೊಂಡೇ ಕುಡಿಯುತ್ತಿದ್ದೆ. ಈಗ ನೆನೆದರೆ ಆ ನೀರಿನ ತಂಪು ಗಂಟಲಿಗೇ ಬಂದಂತಾಗುತ್ತದೆ.

ಅಮ್ಮನ ಹಟ ಮುರಿದದ್ದು ಪುರಿಯ ಜಗನ್ನಾಥ. ಅಪ್ಪನಿಗೆ ಒಮ್ಮೆ ಪುರಿಗೆ ಹೋಗಿ ಸಮುದ್ರ ಸ್ನಾನ ಮಾಡಬೇಕೆಂಬ ಆಸೆ. ನನಗೆ ಭುವನೇಶ್ವರದ ಪಾಳಿ ಬಿದ್ದಿತ್ತು. ನಾನು ಬಾಯಿ ಬಿಡುವ ಮೊದಲೇ ಅಮ್ಮ, "ದೇವರ ಕೆಲ್ಸಕ್ಕೆ ಹೋಗೋದು ಲೆಕ್ಕಕ್ಕೆ ಬರಲ್ಲ ಬಿಡು. ಆಣೆ ಇಟ್ಟಿದ್ದು ಆ ನೆಲದ ಮೇಲೆ, ದೇವರ ಮೇಲಲ್ಲ" ಎಂದು ತಾನೇ ದಾರಿ ಹುಡುಕಿಕೊಂಡಳು. ನನಗೆ ಆಶ್ಚರ್ಯವಾಯಿತು. ಸಂತೋಷಕ್ಕಿಂತ ಹೆಚ್ಚಾಗಿ ದಿಗಿಲಾಯಿತು. ಇಷ್ಟು ವರ್ಷಗಳ ಮೇಲೆ ಅವಳು ಆ ಜಾಗಕ್ಕೆ ಬರುತ್ತಿದ್ದಾಳೆ, ಅದೂ ನನ್ನನ್ನು ನಂಬಿ. ಅಲ್ಲಿ ಅವಳ ಮನಸ್ಸು ಮತ್ತೆ ಮುರಿದರೆ ಇನ್ನೊಂದು ಅವಕಾಶ ನನಗೆ ಸಿಗುವುದಿಲ್ಲ ಎಂಬುದು ಚೆನ್ನಾಗಿ ಗೊತ್ತಿತ್ತು.

ಮೇ ತಿಂಗಳ ಸಂಜೆ. ಆ ಕಾಲದಲ್ಲಿ ನಮ್ಮ ಕಡೆ ಮಧ್ಯಾಹ್ನವೆಲ್ಲ ಬೆಂದು, ಸಂಜೆಗೆ ಮೋಡ ಕಟ್ಟಿ, ಒಂದು ಗಳಿಗೆ ಆರ್ಭಟಿಸಿ ಹೋಗುತ್ತದೆ. ದ್ರಾಕ್ಷಿ ಚಪ್ಪರದವರ ಎದೆಯೂ ವಿಮಾನ ಓಡಿಸುವ ನಮ್ಮ ಎದೆಯೂ ಒಟ್ಟಿಗೇ ಹೊಡೆದುಕೊಳ್ಳುವ ಕಾಲ ಅದು. ಅಮ್ಮ ರೇಷ್ಮೆ ಸೀರೆ ಉಟ್ಟುಕೊಂಡು ಬಂದಿದ್ದಳು. ನಿಲ್ದಾಣದ ಒಳಗೆ ಯಾವುದನ್ನೂ ತಲೆಯೆತ್ತಿ ನೋಡಲಿಲ್ಲವಂತೆ, ನೆಲ ನೋಡಿಕೊಂಡೇ ನಡೆದಳಂತೆ. ನಾನು ಕೆಲಸದಲ್ಲಿದ್ದೆ, ಇದನ್ನೆಲ್ಲ ಅಪ್ಪ ಆಮೇಲೆ ಹೇಳಿದ್ದು. ಇಬ್ಬರಿಗೂ ವಿಮಾನದ ಮುಂಭಾಗದಲ್ಲಿ, ಎಡಗಡೆ ಸೀಟು ಸಿಕ್ಕಿತ್ತು. ಕಿಟಕಿ ಅಮ್ಮನಿಗೆ, ನಡುವಿನದು ಅಪ್ಪನಿಗೆ.

ಪೂರ್ವ ದಿಕ್ಕಿಗೆ ಏರಬೇಕಿತ್ತು. ನಾವು ರನ್‌ವೇಯ ಹತ್ತಿರ ಬಂದು ನಿಂತಿರುವಾಗಲೇ, ನಮಗಿಂತ ಮುಂದೆ ಎದ್ದ ವಿಮಾನದ ಪೈಲಟ್ ಟವರಿಗೆ ವರದಿ ಕೊಟ್ಟ. ನೆಲ ಬಿಟ್ಟ ಸ್ವಲ್ಪ ಹೊತ್ತಿಗೇ ಗಾಳಿ ತಿರುಗಿ ವೇಗ ಕುಸಿಯಿತು ಎಂದ. ನಮ್ಮ ರೇಡಾರಿನಲ್ಲೂ ಪೂರ್ವಕ್ಕೆ ಮಳೆಮೋಡದ ಕೆಂಪು ಮಚ್ಚೆಯೊಂದು ಕೂತಿತ್ತು.

ಇದಕ್ಕೆ ನಮ್ಮಲ್ಲಿ ವಿಂಡ್‌ಶಿಯರ್ ಎನ್ನುತ್ತಾರೆ. ಗಾಳಿ ಒಂದಿಷ್ಟು ದೂರದೊಳಗೇ ತನ್ನ ದಿಕ್ಕನ್ನೋ ವೇಗವನ್ನೋ ತಟ್ಟನೆ ಬದಲಿಸಿಬಿಡುವುದು. ಮಳೆಮೋಡದಿಂದ ತಣ್ಣನೆಯ ಗಾಳಿ ಧೊಪ್ಪನೆ ಇಳಿದು ನೆಲಕ್ಕೆ ಬಡಿದು, ಅಂಗಳಕ್ಕೆ ಸುರಿದ ಕೊಡದ ನೀರಿನಂತೆ ನಾಲ್ಕೂ ಕಡೆಗೆ ಹರಡುತ್ತದೆ. ಅದರ ಮೂಲಕ ಹೋಗುವ ವಿಮಾನಕ್ಕೆ ಮೊದಲು ಎದುರುಗಾಳಿ, ಆಮೇಲೆ ಬೆನ್ನಗಾಳಿ. ಹೈಸ್ಕೂಲಿಗೆ ಕುಂದಾಣದ ರಸ್ತೆಯಲ್ಲಿ ಸೈಕಲ್ ತುಳಿಯುವಾಗ ಬೆನ್ನಗಾಳಿ ಬಂದರೆ ನಾವು ಕೈಬಿಟ್ಟು ಕುಣಿಯುತ್ತಿದ್ದೆವು. ವಿಮಾನಕ್ಕೆ ಅದು ತಿರುಗುಮುರುಗು. ರೆಕ್ಕೆ ನಿಂತಿರುವುದೇ ಎದುರಿನಿಂದ ಬರುವ ಗಾಳಿಯ ಮೇಲೆ. ಅದು ಹಿಂದಿನಿಂದ ಬರತೊಡಗಿದರೆ ಕಾಲ ಕೆಳಗಿನ ಮಣೆಯನ್ನೇ ಎಳೆದಂತೆ. ಬಹಳ ಎತ್ತರದಲ್ಲಿದ್ದರೆ ಚಿಂತೆಯಿಲ್ಲ. ಆಗಷ್ಟೇ ನೆಲ ಬಿಟ್ಟಾಗ ಅದು ಆಟವಲ್ಲ.

ನಾನು ಕಾಯುವುದೆಂದು ತೀರ್ಮಾನ ಮಾಡಿದೆ. ನನ್ನ ಕೋ-ಪೈಲಟ್ ಪಂಜಾಬಿನ ಹುಡುಗಿ, ಮಾತು ಕಡಿಮೆ, ಕೆಲಸ ಅಚ್ಚುಕಟ್ಟು. ಅವಳೂ ಸರಿ ಎಂದಳು. ಪ್ರಯಾಣಿಕರಿಗೆ ಇಂಗ್ಲಿಷಿನಲ್ಲಿ, ಹಿಂದಿಯಲ್ಲಿ ಹೇಳಿದೆ. ಯಾಕೋ ಅಲ್ಲಿಗೇ ನಿಲ್ಲಿಸಲು ಮನಸ್ಸಾಗಲಿಲ್ಲ. ಕನ್ನಡದಲ್ಲೂ ಹೇಳಿದೆ. "ಮುಂದೆ ಗಾಳಿ ಸರಿಯಿಲ್ಲ. ಹೊರಟಾಗ ಅಡ್ಡಿ ಬಂದರೆ ಕೂತು, ನೀರು ಕುಡಿದು ಹೋಗೋದು ನಮ್ಮ ಕಡೆ ಪದ್ಧತಿ. ಗಾಳಿ ದಾರಿ ಬಿಟ್ಟ ಮೇಲೆ ಹೊರಡೋಣ." ಕ್ಯಾಬಿನ್ನಿನಲ್ಲಿ ಕೆಲವರು ನಕ್ಕರಂತೆ. ಅಮ್ಮ ನಗಲಿಲ್ಲ. ಚೀಲದಿಂದ ಬಾಟಲಿ ತೆಗೆದು ಒಂದು ಗುಟುಕು ಕುಡಿದಳು. ಅಪ್ಪನಿಗೆ ಬೇಡವೆಂದರೂ ಕುಡಿಸಿದಳು. ಆಚೆ ಬದಿಯಲ್ಲಿ ಕೂತಿದ್ದ ಒಡಿಶಾದ ಅಪರಿಚಿತ ಹೆಂಗಸಿನ ಕೈಗೂ ಬಾಟಲಿ ಕೊಟ್ಟು ಸನ್ನೆಯಲ್ಲೇ ಕುಡಿಯಲು ಹೇಳಿದಳು. ಆಕೆ ಇದು ಈ ಕಂಪನಿಯ ಯಾವುದೋ ನಿಯಮವಿರಬೇಕೆಂದು ಭಯಭಕ್ತಿಯಿಂದ ಕುಡಿದರಂತೆ.

ಆ ಕೆಂಪು ಮಚ್ಚೆ ನಿಧಾನವಾಗಿ ಉತ್ತರಕ್ಕೆ ಸರಿಯಿತು. ನಮಗಿಂತ ಮೊದಲು ಇನ್ನೆರಡು ವಿಮಾನ ಎದ್ದವು, ಏನೂ ತೊಂದರೆಯಿಲ್ಲ ಎಂದವು. ಅಮ್ಮ ಇರುವ ವಿಮಾನ ಎಂದು ನಾನು ಬೇಕಿದ್ದಕ್ಕಿಂತ ಹೆಚ್ಚು ಕಾಯಲಿಲ್ಲ, ಕಡಿಮೆಯೂ ಕಾಯಲಿಲ್ಲ. ಇಂಜಿನ್ನಿನ ಪೂರ್ತಿ ಶಕ್ತಿ ಬಳಸಿಯೇ ಏರುವುದೆಂದು ಮಾತಾಡಿಕೊಂಡು ಹೊರಟೆವು.

ರನ್‌ವೇ ಮೇಲೆ ಎಲ್ಲ ಸರಿಯಿತ್ತು. ಎದ್ದೆವು. ಚಕ್ರ ಒಳಗೆ ಎಳೆದುಕೊಳ್ಳುವ ಮಾತು ಇನ್ನೇನು ನನ್ನ ಬಾಯಿಂದ ಬರಬೇಕು, ವೇಗ ತೋರಿಸುವ ಪಟ್ಟಿ ಕೆಳಕ್ಕೆ ಜಾರಿತು. ಆ ಜಾರುವಿಕೆಯನ್ನು ತರಬೇತಿಯ ಸಿಮ್ಯುಲೇಟರಿನಲ್ಲಿ ಎಷ್ಟೋ ಸಲ ನೋಡಿದ್ದೆ. ನಿಜವಾದದ್ದು ಹೊಟ್ಟೆಯೊಳಗೆ ಗೊತ್ತಾಗುತ್ತದೆ. "ವಿಂಡ್‌ಶಿಯರ್, ವಿಂಡ್‌ಶಿಯರ್" ಎಂದು ಯಂತ್ರ ಕೂಗಿತು. ನಾನೂ ಅದನ್ನೇ ಕೂಗಿದೆ. ಇಂಜಿನ್ನಿಗೆ ಶಕ್ತಿ ಕೊಡುವ ಥ್ರಸ್ಟ್ ಲಿವರುಗಳು ಕೊನೆಯ ತನಕ ಮುಂದಿವೆ ಎಂಬುದನ್ನು ಅಂಗೈಯಿಂದ ಒತ್ತಿ ಖಾತ್ರಿ ಮಾಡಿಕೊಂಡೆ. ಕೋ-ಪೈಲಟ್ ಹುಡುಗಿಯ ಕೈ ಅಭ್ಯಾಸಬಲದಿಂದ ಚಕ್ರದ ಹಿಡಿಕೆಯ ಕಡೆಗೆ ಏಳುತ್ತಿತ್ತು. "ಮುಟ್ಟಬೇಡ" ಎಂದೆ. ಕೈ ಅಲ್ಲೇ ನಿಂತಿತು.

ಹೊರಗಿನವರಿಗೆ ಇದು ವಿಚಿತ್ರವಾಗಿ ಕಾಣುತ್ತದೆ. ವಿಮಾನ ಕುಸಿಯುತ್ತಿದ್ದರೆ ಪೈಲಟ್ ಏನೇನೋ ಮಾಡುತ್ತಿರಬೇಕು ಎಂದುಕೊಳ್ಳುತ್ತಾರೆ. ಮಾಡಬೇಕಾದ್ದು ಬಹಳ ಕಡಿಮೆ, ಮಾಡಬಾರದ್ದೇ ಹೆಚ್ಚು. ಪೂರ್ತಿ ಶಕ್ತಿ ಕೊಡಬೇಕು. ಮೂತಿಯನ್ನು ಪರದೆ ತೋರಿಸುವಷ್ಟು ಮೇಲಕ್ಕೆ ಹಿಡಿದಿರಬೇಕು. ವೇಗ ಬರಲಿ ಎಂಬ ಆಸೆಗೆ ಬಿದ್ದು ಮೂತಿ ಇಳಿಸಬಾರದು, ಯಾಕೆಂದರೆ ಕೆಳಗೆ ಜಾಗವಿಲ್ಲ. ಚಕ್ರ ಎಳೆಯಬಾರದು. ಅದರ ಬಾಗಿಲು ತೆರೆದರೆ ಗಾಳಿಗೆ ಇನ್ನಷ್ಟು ಸಿಕ್ಕಿಕೊಳ್ಳುತ್ತೇವೆ. ರೆಕ್ಕೆಯ ಆಕಾರ ಬದಲಿಸಬಾರದು, ಪಕ್ಕಕ್ಕೆ ವಾಲಿಸಬಾರದು. ಇದ್ದದ್ದನ್ನು ಇದ್ದಂತೆ ಹಿಡಿದು, ಗಾಳಿ ತನ್ನ ಆಟ ಮುಗಿಸುವ ತನಕ ತಾಳಬೇಕು. ನನ್ನಂಥ ಮುಂಗೋಪಿಗೆ ಇದಕ್ಕಿಂತ ಕಷ್ಟದ ಕೆಲಸ ಇನ್ನೊಂದಿಲ್ಲ.

ಕೋ-ಪೈಲಟ್ ನೆಲದಿಂದ ನಮ್ಮ ಎತ್ತರವನ್ನು ಓದುತ್ತಿದ್ದಳು. ಅಂಕಿ ಏರುತ್ತಿರಲಿಲ್ಲ. ಒಂದು ಗಳಿಗೆ ಕೊಂಚ ಇಳಿಯಿತು ಕೂಡ. ಮೂತಿ ಆಕಾಶ ನೋಡುತ್ತಿದೆ, ಇಂಜಿನ್ನು ಅರಚುತ್ತಿದೆ, ವಿಮಾನ ಮಾತ್ರ ಏರದೆ ಮುಂದೆ ಮುಂದೆ ತೇಲುತ್ತಿದೆ. ನನಗೆ ಭಯವಾಯಿತು. ಆ ಹೊತ್ತಿನಲ್ಲಿ ಅಮ್ಮ ನೆನಪಾದಳು ಎಂದು ಬರೆದರೆ ಓದುವವರಿಗೆ ಚೆನ್ನಾಗಿರುತ್ತದೆ, ಆದರೆ ಅದು ಸುಳ್ಳು. ಯಾರೂ ನೆನಪಾಗಲಿಲ್ಲ. ಪರದೆಯ ಮೇಲಿನ ಗೆರೆ ಬಿಟ್ಟರೆ ಪ್ರಪಂಚದಲ್ಲಿ ಬೇರೇನೂ ಇರಲಿಲ್ಲ. ಆದರೆ ನನಗೇ ಗೊತ್ತಿಲ್ಲದೆ ನನ್ನ ಬಾಯಿಂದ, ಎಷ್ಟೋ ವರ್ಷಗಳಿಂದ ಆಡದ ಮಾತೊಂದು ಜೋರಾಗಿ ಹೊರಬಿತ್ತು. "ನಿನ್ ಮನೆ ಹಾಳಾಗ!"

ಗಾಳಿ ಹೆದರಿತೋ, ಅದರ ಗಡಿ ಮುಗಿಯಿತೋ, ವೇಗದ ಪಟ್ಟಿ ಮೇಲಕ್ಕೆ ಬಂತು. ಎತ್ತರದ ಅಂಕಿ ಏರತೊಡಗಿತು. ಇನ್ನಷ್ಟು ಮೇಲೆ ಹೋಗಿ, ಎಲ್ಲ ಸ್ಥಿರವಾಯಿತು ಎಂದು ಇಬ್ಬರಿಗೂ ಖಚಿತವಾದ ಮೇಲೆ ಚಕ್ರ ಒಳಗೆಳೆದೆವು. ಟವರಿಗೆ ವರದಿ ಕೊಟ್ಟೆವು, ನಮ್ಮ ಹಿಂದಿನವರನ್ನು ನಿಲ್ಲಿಸಿದರು. ಬಹಳ ಹೊತ್ತಾದ ಮೇಲೆ ಕೋ-ಪೈಲಟ್ ಮೆಲ್ಲಗೆ, ಆಗ ನೀವು ಕನ್ನಡದಲ್ಲಿ ಹೇಳಿದ್ದು ಏನು ಎಂದು ಕೇಳಿದಳು. ನಮ್ಮಜ್ಜಿಯ ಪ್ರಾರ್ಥನೆ ಎಂದೆ. ಅವಳು ಗಂಭೀರವಾಗಿ ತಲೆಯಾಡಿಸಿದಳು.

ಅಮ್ಮ ನೆನಪಾದದ್ದು ಆಮೇಲೆ. ಅವಳ ಎದೆ ಒಡೆದಿರುತ್ತದೆ ಎಂದುಕೊಂಡೆ. ಬೇಡ ಬೇಡವೆಂದು ಇಷ್ಟು ಕಾಲ ದೂರವಿಟ್ಟ ನೆಲಕ್ಕೆ ಬಂದಳು, ಬಂದ ದಿನವೇ ಆ ನೆಲ ಹೀಗೆ ಮಾಡಿತು. ಇನ್ನು ನಾನು ಮನೆಯಿಂದ ಹೊರಟಾಗಲೆಲ್ಲ ಅವಳು ಈ ಗಳಿಗೆಯನ್ನೇ ನೆನೆಯುತ್ತಾಳೆ. ಭುವನೇಶ್ವರ ಬರುವವರೆಗೂ ಈ ಯೋಚನೆ ನನ್ನನ್ನು ತಿಂದುಹಾಕಿತು.

ಇಳಿದ ಮೇಲೆ ಕಾಕ್‌ಪಿಟ್ಟಿನ ಬಾಗಿಲಲ್ಲಿ ನಿಂತೆ. ಕೆಲವರು ಕೈ ಮುಗಿದರು, ಕೆಲವರು ತಡವಾಯಿತೆಂದು ಮುಖ ಗಂಟಿಕ್ಕಿದರು. ಒಡಿಶಾದ ಹೆಂಗಸು ನೀರು ಕುಡಿದದ್ದರಿಂದಲೇ ಬದುಕಿದೆವು ಎಂಬಂತೆ ನನ್ನ ಕೆನ್ನೆ ಸವರಿ ಹೋದರು. ಅವರ ಹಿಂದೆ ಅಪ್ಪ, ಮುಖದಲ್ಲಿ ರಕ್ತವಿರಲಿಲ್ಲ. ಅವರ ಹಿಂದೆ ಅಮ್ಮ. ಕಣ್ಣು ಕೆಂಪಾಗಿತ್ತು, ಕೆನ್ನೆ ಒದ್ದೆಯಾಗಿತ್ತು. "ಅಮ್ಮಾ, ಏನೂ ಆಗಿಲ್ಲ, ಗಾಳಿ ಸ್ವಲ್ಪ..." ಎಂದು ಶುರುಮಾಡಿದೆ. ಅವಳು ನನ್ನ ಎರಡೂ ಕೈಗಳನ್ನು ಹಿಡಿದುಕೊಂಡಳು.

"ಎಷ್ಟು ಚೆನ್ನಾಗಿ ತೋರಿಸ್ದೆ ಮಗಾ" ಎಂದಳು.

ನನಗೆ ಅರ್ಥವಾಗಲಿಲ್ಲ.

"ಕುಂಟೆ ತುಂಬಿತ್ತು ಕಣೇ. ಹುಣಸೆಮರ ಎಲ್ಲಾ ಹಂಗಂಗೇ ಅವೆ. ಮುನೇಶ್ವರನ ಗುಡಿಗೆ ಯಾರೋ ಸುಣ್ಣ ಹೊಡಿಸವ್ರೆ. ಎಲ್ಲಾ ಕಂಡ್ತು. ಅಷ್ಟು ಕೆಳಗೆ, ಅಷ್ಟು ನಿಧಾನಕ್ಕೆ ತಗೊಂಡು ಹೋದ್ಯಲ್ಲ, ನನ್ನ ಸಲುವಾಗಿ. ಬೇರೆಯೋರು ಬೈದ್ರಾ ನಿಂಗೆ?"

"ಇವಳು ಕಿಟಕಿಗೆ ಮುಖ ಅಂಟಿಸ್ಕೊಂಡು ಕೈ ಮುಗೀತಿದ್ಲು. ನಾನು ಜೀವ ಕೈಯಲ್ಲಿ ಹಿಡ್ಕೊಂಡಿದ್ದೆ" ಎಂದರು ಅಪ್ಪ. ಹಿಂದೆ ಪ್ರಯಾಣಿಕರು ಸಾಲುಗಟ್ಟಿ ನಿಂತಿದ್ದರು. ಅಮ್ಮ ನನ್ನ ಗಲ್ಲ ಹಿಡಿದು ಮುದ್ದಿಸಿ, ಸೆರಗಿನಿಂದ ಮುಖ ಒರೆಸಿಕೊಂಡು ಇಳಿದು ಹೋದಳು. ಅವರಿಬ್ಬರೂ ಪುರಿಗೆ ಹೋದರು. ಅಪ್ಪ ವಾಪಸು ರೈಲಿನಲ್ಲೇ ಬಂದರು, ಅಮ್ಮನನ್ನೂ ಎಳೆದುಕೊಂಡು.

ಸುಮ್ಮನಿದ್ದುಬಿಡೋಣ ಎಂದುಕೊಂಡೆ. ಆದರೆ ಅಮ್ಮ ಸುಮ್ಮನಿರಬೇಕಲ್ಲ. ಮಗಳು ವಿಮಾನವನ್ನು ತವರೂರಿನ ಮೇಲೆ ಬೇಕೆಂದೇ ತಗ್ಗಿಸಿ, ನಿಧಾನಕ್ಕೆ ನಡೆಸಿ, ಕುಂಟೆ ಏರಿಯನ್ನು ತೋರಿಸಿದಳು ಎಂಬ ಸುದ್ದಿ ನಮ್ಮ ಹಳ್ಳಿ ದಾಟಿ ದೊಡ್ಡಬಳ್ಳಾಪುರಕ್ಕೆ ಹೋಯಿತು. ಮಾವ ಫೋನ್ ಮಾಡಿದ. "ನಿಮ್ಮತ್ತೇನೂ ನೋಡ್ಬೇಕು ಅಂತಾವ್ಳೆ. ನಿನ್ನ ಡ್ಯೂಟಿ ಯಾವಾಗ ಅಂತ ಹೇಳು, ಟಿಕೆಟ್ ಮಾಡಿಸ್ತೀವಿ. ನಮ್ಮೂರೋರು ಇನ್ನೂ ಕೆಲವ್ರು ಅವ್ರೆ." ಅದೇ ಊರಿನ ಒಬ್ಬ ಅಜ್ಜಿ, ತನ್ನ ಹೊಲದ ಬೇವಿನಮರ ಕಾಂಪೌಂಡಿನ ಆಚೆ ಇದೆಯೋ ಇಲ್ಲವೋ ನೋಡಿ ಹೇಳು, ಮುಂದಿನ ಸಲ ಸ್ವಲ್ಪ ಬಲಕ್ಕೆ ತಿರುಗಿಸು ಎಂದು ಹೇಳಿ ಕಳಿಸಿದಳು. ನಗು ಬಂತು, ಆಮೇಲೆ ನಗಲಾಗಲಿಲ್ಲ. ಅವರೆಲ್ಲರಿಗೂ ಅಮ್ಮನಿಗಿದ್ದದ್ದೇ ನೋವು. ಯಾರೂ ಸರಿಯಾಗಿ ತಿರುಗಿ ನೋಡಿ ಬಂದಿರಲಿಲ್ಲ. ನಾನು ಕೊಡಲಾಗದ್ದನ್ನು ಅವರು ನನ್ನಿಂದ ನಿರೀಕ್ಷಿಸುತ್ತಿದ್ದರು. ಇದಕ್ಕೊಂದು ಕೊನೆ ಹಾಕಲೇಬೇಕಿತ್ತು.

ರಜೆಯ ಒಂದು ಬೆಳಿಗ್ಗೆ ಅಡುಗೆಮನೆಯಲ್ಲಿ ಅಮ್ಮ ಅಲಸಂದೆಕಾಯಿ ಬಿಡಿಸುತ್ತಿದ್ದಳು. ಎದುರಿಗೆ ಕೂತೆ. ತಟ್ಟೆಯನ್ನು ನೆಲ ಮಾಡಿದೆ, ಚಮಚವನ್ನು ವಿಮಾನ ಮಾಡಿದೆ. ಮೋಡದಿಂದ ಗಾಳಿ ಹೇಗೆ ಬೀಳುತ್ತದೆ, ಹೇಗೆ ತಿರುಗುತ್ತದೆ, ರೆಕ್ಕೆಗೆ ಏನಾಗುತ್ತದೆ, ಎಲ್ಲ ಹೇಳಿದೆ. ತಾತ ರಾಗಿ ತೂರುವಾಗ ಗಾಳಿ ತಿರುಗುತ್ತಿತ್ತಲ್ಲ, ಅದೇ ಅಂದೆ. ನಾನು ನಿನಗೆ ಊರು ತೋರಿಸಲಿಲ್ಲಮ್ಮ, ವಿಮಾನ ಏರಲಿಲ್ಲ, ಏರಲೆಂದು ಒದ್ದಾಡುತ್ತಿದ್ದೆ ಅಂದೆ. ಅಮ್ಮ ಕಾಯಿ ಬಿಡಿಸುವುದನ್ನು ನಿಲ್ಲಿಸಿ ಕೇಳಿದಳು.

"ಅಂದ್ರೆ ಅವತ್ತು ಎಲ್ರೂ ಸಾಯ್ತಿದ್ವಾ?"

"ಹಂಗಲ್ಲಮ್ಮ. ಅದಕ್ಕೇ ನಮಗೆ ಕಲಿಸಿರ್ತಾರೆ. ಮೇಲೇರೋದು ಒಂಚೂರು ತಡ ಆಯ್ತು, ಅಷ್ಟೆ."

"ತಡ ಆಗಿದ್ದು ಎಲ್ಲಿ?"

"ಅಲ್ಲೇ. ಕುಂಟೆ ಹತ್ರ."

ಅಮ್ಮನಿಗೆ ಬೇಸರವಾಗುತ್ತದೆ, ನಾನು ಕೊಟ್ಟದ್ದನ್ನು ನಾನೇ ಕಿತ್ತುಕೊಂಡೆ ಎಂದುಕೊಂಡೆ. ಅವಳು ಚಮಚವನ್ನು ನನ್ನ ಕೈಯಿಂದ ತೆಗೆದು ಪಕ್ಕಕ್ಕಿಟ್ಟಳು.

"ಸರಿಯಾಗೇ ಆಯ್ತಲ್ಲ ಮತ್ತೆ" ಎಂದಳು. "ತವರಿಂದ ಹೊರಡೋಳು ಯಾವಳು ಬಿರ್ರನೆ ಹೊರಟವ್ಳೆ?"

ಅಷ್ಟು ಹೇಳಿ ಮತ್ತೆ ಅಲಸಂದೆಕಾಯಿಗೆ ಕೈ ಹಾಕಿದಳು. ನನಗೆ ಕಣ್ಣು ತುಂಬಿ ಬಂತು. ಅವಳು ನೋಡಲಿಲ್ಲ, ಅಥವಾ ನೋಡಿಯೂ ಕಾಯಿ ಬಿಡಿಸುತ್ತಲೇ ಇದ್ದಳು. ಮಾವನಿಗೂ ಬೇವಿನಮರದ ಅಜ್ಜಿಗೂ ಏನು ಹೇಳಿದಳೋ ಕಾಣೆ, ಅವರ ಫೋನ್ ಮತ್ತೆ ಬರಲಿಲ್ಲ. ಆ ವರ್ಷ ಗೌರಿ ಹಬ್ಬಕ್ಕೆ ಅಮ್ಮ ದೊಡ್ಡಬಳ್ಳಾಪುರಕ್ಕೆ ಹೋಗಿ, ಅತ್ತೆಯ ಕೈಯಿಂದ ಮಡಿಲು ತುಂಬಿಸಿಕೊಂಡು ಬಂದಳು. ಊರು ಹೋದ ಮೇಲೆ ಅದೇ ಮೊದಲು. ಈಗ ನನ್ನನ್ನು ಬಿಡಲು ನಿಲ್ದಾಣದ ತನಕವೂ ಬರುತ್ತಾಳೆ. ಕಾರಿನಿಂದ ಇಳಿದು, ನೆಲಕ್ಕೆ ಕೈ ತಾಗಿಸಿ ಕಣ್ಣಿಗೆ ಒತ್ತಿಕೊಂಡು, "ಬರ್ತೀನಿ ಅನ್ನು" ಎನ್ನುತ್ತಾಳೆ.

ಅಲ್ಲಿಂದ ಪೂರ್ವಕ್ಕೆ ಎಷ್ಟು ಸಲ ಏರಿದ್ದೇನೋ. ಆ ಕುಂಟೆಯನ್ನು ಮೇಲಿನಿಂದ ನಾನು ಒಮ್ಮೆಯೂ ನೋಡಿಲ್ಲ. ಏರುವಾಗ ಕಾಕ್‌ಪಿಟ್ಟಿನಿಂದ ಆಕಾಶ ಬಿಟ್ಟು ಬೇರೇನೂ ಕಾಣುವುದಿಲ್ಲ. ಗಾಳಿ ನೆಟ್ಟಗಿದ್ದ ದಿನ ವಿಮಾನ ಚಿಮ್ಮಿಕೊಂಡು ಹೋಗುತ್ತದೆ. ನಾನು ಚಕ್ರ ಎಳೆಯಲು ಹೇಳುತ್ತೇನೆ, ಎಲ್ಲ ಸರಿಯಿದೆ ಎಂದು ಉಸಿರು ಬಿಡುತ್ತೇನೆ. ಅದರ ಬೆನ್ನಿಗೇ, ಸೆರಗು ಹಿಡಿದು ಎಳೆದು ಅಮ್ಮನನ್ನು ಏರಿಯ ಮೇಲಿಂದ ಬೇಗ ಕರೆದುಕೊಂಡು ಬಂದುಬಿಟ್ಟೆನೇನೋ ಎಂದು ಒಂದು ಕ್ಷಣ ಅನ್ನಿಸುತ್ತದೆ.